ಓದುಗರ ಪ್ರಶ್ನೆ: ಸಣ್ಣ ಹೈಸ್ಕೂಲಿಗೆ 10ಕ್ಕೆ 4 ಬಂದರೆ ಹೆದರಬೇಕಾ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಅಮೆರಿಕದಲ್ಲಿರುವ ಕನ್ನಡದ ಮನೆಗಳಿಂದ. ಎಲ್ಲರ ಚಿಂತೆಯೂ ಹತ್ತಿರ ಹತ್ತಿರ ಒಂದೇ. ಊರಿನ ಸಣ್ಣ ಪಬ್ಲಿಕ್ (ಅಂದರೆ ಸರ್ಕಾರಿ) ಹೈಸ್ಕೂಲು, ಅದರ ರಿಸಲ್ಟು, ಅಲ್ಲಿ ಓದುವ ಮಕ್ಕಳು ಯಾರು ಅನ್ನೋದು. ನಾನು ಅಲ್ಲಿ ಅಂಥದ್ದೇ ಒಂದು ಶಾಲೆಯಲ್ಲಿ 22 ವರ್ಷ ಲೆಕ್ಕ ಹೇಳಿಕೊಟ್ಟವಳು. ಒಂಬತ್ತರಿಂದ ಹನ್ನೆರಡನೇ ಕ್ಲಾಸಿನವರೆಗೆ ಎಲ್ಲ ಸೇರಿಸಿದರೂ 250 ಮಕ್ಕಳು ದಾಟುತ್ತಿರಲಿಲ್ಲ. ಹಾಗಾಗಿ ಈ ಪತ್ರಗಳಿಗೆ ಎರಡು ಸಾಲಿನಲ್ಲಿ ಉತ್ತರ ಬರೆದು ಮುಗಿಸೋಕೆ ಮನಸ್ಸಾಗಲಿಲ್ಲ. ಐದು ಪತ್ರ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಮೇಡಂ, ನಮಸ್ಕಾರ. ಪೆನ್ಸಿಲ್ವೇನಿಯಾದ ಒಂದು ಚಿಕ್ಕ ಊರಲ್ಲಿ ಮನೆ ನೋಡಿದ್ದೇವೆ. ಮನೆ, ಹಿತ್ತಲು ಎಲ್ಲ ಮನಸ್ಸಿಗೆ ಬಂದಿದೆ. ಆದರೆ ಮನೆ ಮಾರಾಟದ ವೆಬ್‌ಸೈಟಿನಲ್ಲಿ ಅಲ್ಲಿನ ಹೈಸ್ಕೂಲಿಗೆ 10ಕ್ಕೆ 4 ಅಂತ ತೋರಿಸ್ತಿದೆ. ಲೆಕ್ಕದಲ್ಲಿ ಹೋದ ವರ್ಷ ಶೇ. 62 ಮಕ್ಕಳು ಪಾಸು, ಈ ವರ್ಷ ಶೇ. 51. ಒಂದೇ ವರ್ಷದಲ್ಲಿ ಹೀಗೆ ಬಿದ್ದುಹೋದ ಶಾಲೆಗೆ ಮಗಳನ್ನು ಹೇಗೆ ಕಳಿಸೋದು? ನಮ್ಮ ಮನೆಯವರು ಬೇಡವೇ ಬೇಡ ಅಂತಿದ್ದಾರೆ. — ಒಬ್ಬ ತಾಯಿ

ಉತ್ತರ: ಶೇ. 62 ಅಂದರೆ ಎಷ್ಟು ಮಕ್ಕಳು ಅಂತ ಲೆಕ್ಕ ಹಾಕಿ ನೋಡಿದ್ರಾ? ನೀವು ಕಳಿಸಿದ ಹಾಳೆಯಲ್ಲೇ ಇದೆ, ಎರಡೂ ವರ್ಷ ಪರೀಕ್ಷೆ ಬರೆದವರು 55 ಜನ. ಹೋದ ವರ್ಷ ಪಾಸಾದವರು 34, ಈ ವರ್ಷ 28. ವ್ಯತ್ಯಾಸ ಆರು ಮಕ್ಕಳದ್ದು. ಒಂದು ಶಾಲೆ ಬಿದ್ದುಹೋಯಿತು ಅಂತ ನಿಮ್ಮ ಮನೆಯಲ್ಲಿ ಮಾತಾಯಿತಲ್ಲ, ಅದಕ್ಕೆ ಕಾರಣ ಆರೇ ಆರು ಮಕ್ಕಳು. ಅವರಲ್ಲಿ ಒಬ್ಬರಿಗೆ ಆ ವಾರ ಜ್ವರ ಇದ್ದಿರಬಹುದು, ಇಬ್ಬರು ಬೇರೆ ಊರಿಂದ ಮಧ್ಯದಲ್ಲಿ ಬಂದು ಸೇರಿರಬಹುದು, ಒಬ್ಬನ ಮನೆಯಲ್ಲಿ ಅಪ್ಪ ಅಮ್ಮ ಬೇರೆಯಾಗಿರಬಹುದು. ದೊಡ್ಡ ಶಾಲೆಯಲ್ಲಿ ಇಂಥದ್ದೆಲ್ಲ ಲೆಕ್ಕದೊಳಗೆ ಕರಗಿಹೋಗುತ್ತೆ. ಸಣ್ಣ ಶಾಲೆಯಲ್ಲಿ ಒಂದೊಂದು ಮಗುವೂ ಶೇಕಡಾ ಎರಡರ ಹತ್ತಿರ ತೂಗುತ್ತೆ.

ಒಂದು ನಾಣ್ಯ ತಗೊಂಡು 10 ಸಲ ಚಿಮ್ಮಿ ನೋಡಿ. ಏಳು ಸಲ ತಲೆ ಬಿದ್ದರೆ ಯಾರೂ ಆಶ್ಚರ್ಯಪಡಲ್ಲ. 1,000 ಸಲ ಚಿಮ್ಮಿದಾಗ 700 ಸಲ ತಲೆ ಬಿದ್ದರೆ ಮಾತ್ರ ನಾಣ್ಯದಲ್ಲೇ ಏನೋ ಇದೆ ಅಂತ ಗೊತ್ತಾಗುತ್ತೆ. ಇದನ್ನೇ ನಿಮ್ಮದೇ ಪೆನ್ಸಿಲ್ವೇನಿಯಾದಲ್ಲಿ ಹೊವಾರ್ಡ್ ವೈನರ್ ಅನ್ನೋ ಸಂಖ್ಯಾಶಾಸ್ತ್ರಜ್ಞರು ಮತ್ತು ಅವರ ಜೊತೆಗಾರರು ಶಾಲೆಗಳ ಮೇಲೆ ಮಾಡಿ ತೋರಿಸಿದರು. 1,600ಕ್ಕೂ ಹೆಚ್ಚು ಶಾಲೆಗಳ ಐದನೇ ಕ್ಲಾಸಿನ ಅಂಕ ಇಟ್ಟುಕೊಂಡು, ಅದರಲ್ಲಿ ಅತಿ ಚಿಕ್ಕ 50 ಶಾಲೆಗಳು ಎಲ್ಲಿವೆ ಅಂತ ಹುಡುಕಿದರು. ರಾಜ್ಯದ ಮೊದಲ 50ರಲ್ಲಿ ಆರು ಸಣ್ಣ ಶಾಲೆ ಸಿಕ್ಕವು. ಲೆಕ್ಕದ ಪ್ರಕಾರ ಒಂದೋ ಎರಡೋ ಇರಬೇಕಿತ್ತು. ಸಣ್ಣ ಶಾಲೆಯೇ ಒಳ್ಳೇದು ಅನಿಸುತ್ತೆ ಅಲ್ವಾ? ಕೆಳಗಿನ 50ರಲ್ಲಿ ನೋಡಿದರೆ ಅಲ್ಲಿ ಒಂಬತ್ತು ಸಿಕ್ಕವು. ಮಕ್ಕಳು ಕಡಿಮೆ ಇದ್ದಾಗ ಶಾಲೆ ಮೇಲಕ್ಕೂ ಬೇಗ ಹಾರುತ್ತೆ, ಕೆಳಕ್ಕೂ ಬೇಗ ಬೀಳುತ್ತೆ, ಅಷ್ಟೇ.

ಇದು ಗೊತ್ತಿಲ್ಲದೆ ದೊಡ್ಡವರೂ ಎಡವಿದ್ದಾರೆ. 2000ದ ಸುಮಾರಿಗೆ ಗೇಟ್ಸ್ ಫೌಂಡೇಶನ್ ಹೈಸ್ಕೂಲುಗಳನ್ನು ಸುಧಾರಿಸೋಕೆ, ಮುಖ್ಯವಾಗಿ ದೊಡ್ಡವನ್ನು ಒಡೆದು ಸಣ್ಣದು ಮಾಡೋಕೆ ಹಣ ಕೊಡಲು ಶುರು ಮಾಡಿತು. ಒಟ್ಟು 200 ಕೋಟಿ ಡಾಲರಿಗೂ ಜಾಸ್ತಿ ಕೊಟ್ಟರು. 2009ರ ತಮ್ಮ ವಾರ್ಷಿಕ ಪತ್ರದಲ್ಲಿ ಬಿಲ್ ಗೇಟ್ಸ್ ಅವರೇ, ನಾವು ಹಣ ಹಾಕಿದ ಸಣ್ಣ ಶಾಲೆಗಳಲ್ಲಿ ಬಹಳಷ್ಟು ಕಡೆ ಮಕ್ಕಳ ಕಲಿಕೆ ಹೇಳಿಕೊಳ್ಳುವಷ್ಟು ಸುಧಾರಿಸಲಿಲ್ಲ ಅಂತ ಬರೆದರು. ಹಾಗಂತ ಸಣ್ಣ ಶಾಲೆ ಕೆಟ್ಟದ್ದು ಅಂತ ತೀರ್ಮಾನ ಮಾಡಬೇಡಿ. ನ್ಯೂಯಾರ್ಕಿನಲ್ಲಿ ಲಾಟರಿ ಮೂಲಕ ಸೀಟು ಸಿಕ್ಕ ಮಕ್ಕಳನ್ನೂ ಸಿಗದ ಮಕ್ಕಳನ್ನೂ ಹೋಲಿಸಿ ನೋಡಿದಾಗ, ಸಣ್ಣ ಹೈಸ್ಕೂಲಿಗೆ ಹೋದವರು ಜಾಸ್ತಿ ಸಂಖ್ಯೆಯಲ್ಲಿ ಹೈಸ್ಕೂಲು ಮುಗಿಸಿದ್ದರು. ಅಲ್ಲಿ ಶಾಲೆಯನ್ನು ಬರೀ ಚಿಕ್ಕದು ಮಾಡಿ ಬಿಟ್ಟಿರಲಿಲ್ಲ. ಒಬ್ಬೊಬ್ಬ ಮಗುವಿನ ಹೊಣೆ ಒಬ್ಬೊಬ್ಬ ಶಿಕ್ಷಕರ ಮೇಲೆ ಇತ್ತು.

ಇನ್ನು ಆ 4 ಅನ್ನೋ ಅಂಕಿ. ಇಂಥ ರೇಟಿಂಗಿನಲ್ಲಿ ಪರೀಕ್ಷೆಯ ಅಂಕಕ್ಕೆ ದೊಡ್ಡ ಪಾಲು. ಪರೀಕ್ಷೆಯ ಅಂಕ ಬಹಳ ಮಟ್ಟಿಗೆ ಹೇಳೋದು ಆ ಮನೆಗಳ ಬಗ್ಗೆ. ಇದು ಇವತ್ತಿನ ಮಾತಲ್ಲ. 1964ರ ನಾಗರಿಕ ಹಕ್ಕು ಕಾಯ್ದೆ ಕೇಳಿತು ಅಂತ ಸುಮಾರು 6 ಲಕ್ಷ ಮಕ್ಕಳ ಸರ್ವೆ ಮಾಡಿ 1966ರಲ್ಲಿ ಜೇಮ್ಸ್ ಕೋಲ್ಮನ್ ಅನ್ನೋ ಸಮಾಜಶಾಸ್ತ್ರಜ್ಞರು ಒಂದು ವರದಿ ಕೊಟ್ಟರು. ಶಾಲೆಯ ಕಟ್ಟಡ, ಲ್ಯಾಬು, ಪುಸ್ತಕ ಇವಕ್ಕಿಂತ ಮಗು ಯಾವ ಮನೆಯಿಂದ ಬರುತ್ತೆ ಅನ್ನೋದೇ ಅಂಕದ ವ್ಯತ್ಯಾಸಕ್ಕೆ ದೊಡ್ಡ ಕಾರಣ ಅಂತ ಅದರಲ್ಲಿ ಕಂಡಿತು. ಹಾಗಾದರೆ ಶಾಲೆ ಏನು ಮಾಡಿತು ಅಂತ ತಿಳಿಯೋದು ಹೇಗೆ? ಮಗು ಬಂದಾಗ ಎಲ್ಲಿತ್ತು, ಹೋಗುವಾಗ ಎಲ್ಲಿದೆ ಅಂತ ನೋಡಬೇಕು. ಇದಕ್ಕೆ ಗ್ರೋತ್ ಅಂತಾರೆ. ಸ್ಟ್ಯಾನ್‌ಫರ್ಡ್ ಯೂನಿವರ್ಸಿಟಿಯ ಸಂಶೋಧಕ ಶಾನ್ ರಿಯರ್ಡನ್ ಹೀಗೆ ದೇಶದ ಉದ್ದಗಲಕ್ಕೂ ನೋಡಿದಾಗ, ಅಂಕ ಕಡಿಮೆ ಅಂತ ಎಲ್ಲರೂ ಬೈಯುತ್ತಿದ್ದ ಚಿಕಾಗೋ ನಗರದ ಮಕ್ಕಳು ಮೂರರಿಂದ ಎಂಟನೇ ಕ್ಲಾಸಿನೊಳಗೆ, ಐದು ವರ್ಷದಲ್ಲಿ, ಆರು ವರ್ಷದಷ್ಟು ಕಲಿಯುತ್ತಿದ್ದಾರೆ ಅಂತ ಗೊತ್ತಾಯಿತು. ಸರಾಸರಿ ಅಂಕದ ಪಟ್ಟಿ ನೋಡಿದವರಿಗೆ ಇದು ಕಾಣೋದೇ ಇಲ್ಲ.

ಈಗ ನೀವು ಮಾಡಬೇಕಾದ್ದು. ರಾಜ್ಯದ ಶಿಕ್ಷಣ ಇಲಾಖೆಯ ಸೈಟಿಗೆ ಹೋಗಿ ಆ ಶಾಲೆಯ ರಿಪೋರ್ಟ್ ಕಾರ್ಡ್ ತೆಗೆಯಿರಿ. 2015ರ ಕೇಂದ್ರ ಕಾಯ್ದೆಯ ಪ್ರಕಾರ ಪ್ರತಿ ಪಬ್ಲಿಕ್ ಶಾಲೆಯದ್ದೂ ಇರಲೇಬೇಕು. ಒಂದು ವರ್ಷದ್ದು ಬಿಟ್ಟುಬಿಡಿ. ಮೂರೋ ನಾಲ್ಕೋ ವರ್ಷದ ಮಕ್ಕಳನ್ನು ಒಟ್ಟಿಗೆ ಕೂಡಿಸಿ, ಪಾಸಾದವರನ್ನು ಕೂಡಿಸಿ, ಆಮೇಲೆ ಭಾಗಿಸಿ. ಗ್ರೋತ್ ಅಂಕ ಇದ್ದರೆ ಅದನ್ನೂ ಹಾಗೇ ಮೂರು ವರ್ಷದ್ದು ನೋಡಿ. ಹಾಗೆಯೇ ಒಂದು ವಿಷಯ ತಪ್ಪದೆ ನೋಡಿ: ಕ್ರಾನಿಕ್ ಆಬ್ಸೆಂಟ್ ಅಂತ ಒಂದು ಸಾಲು ಇರುತ್ತೆ. ವರ್ಷದ ಹತ್ತರಲ್ಲಿ ಒಂದು ಪಾಲು ದಿನ, ಅಂದರೆ 180 ದಿನದ ಶಾಲೆಯಲ್ಲಿ 18 ದಿನ, ಬರದ ಮಕ್ಕಳ ಲೆಕ್ಕ ಅದು. ನನ್ನ ಅನುಭವದಲ್ಲಿ ಪರೀಕ್ಷೆ ಅಂಕಕ್ಕಿಂತ ಈ ಸಾಲು ಶಾಲೆಯ ಒಳಗಿನ ಗಾಳಿಯನ್ನು ಚೆನ್ನಾಗಿ ಹೇಳುತ್ತೆ. ಕೋವಿಡ್ ಆದಮೇಲೆ ದೇಶದಲ್ಲೆಲ್ಲ ಇದು ಏರಿತು. ಅದರಿಂದ ಎಷ್ಟು ಇಳಿಸಿದ್ದೀರಿ, ಹೇಗೆ ಇಳಿಸಿದಿರಿ ಅಂತ ಪ್ರಿನ್ಸಿಪಾಲರನ್ನು ಕೇಳಿ. ಕೇಳಿದ ತಕ್ಷಣ ಮಕ್ಕಳ ಬಗ್ಗೆ ಮಾತಾಡೋಕೆ ಶುರು ಮಾಡಿದರೆ ನಿಮ್ಮ ಮನೆಯವರನ್ನೂ ಒಂದು ದಿನ ಅಲ್ಲಿಗೆ ಕರೆದುಕೊಂಡು ಹೋಗಿ.

ಪ್ರಶ್ನೆ: ನಾನು ಮೈಸೂರಿನಲ್ಲಿರುವ ನಿವೃತ್ತ. ಮಗ ಸೊಸೆ ಅಲ್ಲಿದ್ದಾರೆ. ಮೊಮ್ಮಗ ‘ಪಬ್ಲಿಕ್ ಸ್ಕೂಲಿ’ಗೆ ಹೋಗ್ತಾನೆ, ಫೀಸೇ ಇಲ್ಲ ಅಂತಾರೆ. ಇಲ್ಲಿ ಪಬ್ಲಿಕ್ ಸ್ಕೂಲ್ ಅಂದರೆ ಲಕ್ಷಗಟ್ಟಲೆ ಫೀಸಿನ ಖಾಸಗಿ ಶಾಲೆ. ಅಲ್ಲಿ ಯಾರು ದುಡ್ಡು ಕೊಡ್ತಾರೆ? — ಒಬ್ಬ ತಾತ

ಉತ್ತರ: ಹಿರಿಯರೇ, ಅಲ್ಲಿ ಪಬ್ಲಿಕ್ ಸ್ಕೂಲ್ ಅಂದರೆ ನಮ್ಮ ಸರ್ಕಾರಿ ಶಾಲೆ. ದುಡ್ಡು ಹೆಚ್ಚುಕಮ್ಮಿ ಅರ್ಧರ್ಧ ರಾಜ್ಯದಿಂದ ಮತ್ತು ಆ ಊರಿನಿಂದ ಬರುತ್ತೆ, ಕೇಂದ್ರದ್ದು ಹತ್ತರಲ್ಲಿ ಒಂದು ಪಾಲಿನ ಆಸುಪಾಸು. ಊರಿನ ಪಾಲು ಅಂದರೆ ಮುಖ್ಯವಾಗಿ ಮನೆ ಕಂದಾಯ. ಹಾಗಾಗಿ ಮನೆಗಳ ಬೆಲೆ ಜಾಸ್ತಿ ಇರುವ ಊರಿನ ಶಾಲೆಗೆ ಅನುಕೂಲ. ಇದು ಅನ್ಯಾಯ ಅಂತ ಟೆಕ್ಸಾಸಿನ ಸ್ಯಾನ್ ಆಂಟೋನಿಯೋ ಊರಿನ ಬಡ ಕುಟುಂಬಗಳು ಸುಪ್ರೀಂ ಕೋರ್ಟಿನವರೆಗೂ ಹೋದರು. 1973ರಲ್ಲಿ ಐದು ನ್ಯಾಯಾಧೀಶರು ಒಂದು ಕಡೆ, ನಾಲ್ವರು ಇನ್ನೊಂದು ಕಡೆ ಆಗಿ ಅವರು ಸೋತರು. ಆಮೇಲೆ ಆ ಜಗಳ ಒಂದೊಂದು ರಾಜ್ಯದ ಕೋರ್ಟಿಗೆ ಹೋಯಿತು. ಕೆಲವು ರಾಜ್ಯಗಳು ಬಡ ಊರುಗಳಿಗೆ ಜಾಸ್ತಿ ಕೊಟ್ಟು ಸರಿದೂಗಿಸುತ್ತವೆ, ಕೆಲವು ಅಷ್ಟು ಮಾಡಲ್ಲ. ನಿಮ್ಮ ಮೊಮ್ಮಗನ ಊರಿನ ಲೆಕ್ಕ ಊರಿನ ಸ್ಕೂಲ್ ಬೋರ್ಡ್ ಸಭೆಯಲ್ಲಿ ಎಲ್ಲರ ಮುಂದೆ ಓದುತ್ತಾರೆ. ಹೋಗಿ ಕೇಳಬಹುದು. ಮಗನಿಗೆ ಹೇಳಿ, ಒಂದು ಸಲ ಹೋಗಿಬರಲಿ.

ಪ್ರಶ್ನೆ: ನೇರವಾಗಿ ಕೇಳ್ತೀನಿ, ತಪ್ಪು ತಿಳಿಯಬೇಡಿ. ಅಯೋವಾದಲ್ಲಿ ಕೆಲಸ ಸಿಕ್ಕಿದೆ. ಊರಿನ ಹೈಸ್ಕೂಲಿನ ‘ಡೆಮೊಗ್ರಾಫಿಕ್ಸ್’ ನೋಡಿದೆ. ಹಿಸ್ಪಾನಿಕ್ ಶೇ. 46, ಬಡ ಮಕ್ಕಳು ಶೇ. 58, ಇಂಗ್ಲಿಷ್ ಕಲಿಯುತ್ತಿರುವವರು ಶೇ. 20ಕ್ಕೂ ಜಾಸ್ತಿ. ಹತ್ತು ವರ್ಷದ ಹಿಂದೆ ಹೀಗಿರಲಿಲ್ಲವಂತೆ, ಆಗ ರಿಸಲ್ಟೂ ಚೆನ್ನಾಗಿತ್ತಂತೆ. ಇಂಥ ಕಡೆ ಓದುವ ಮಕ್ಕಳ ಸಹವಾಸ ಸಿಗುತ್ತಾ? — ಒಬ್ಬ ತಂದೆ

ಉತ್ತರ: ತಪ್ಪು ತಿಳಿಯಲ್ಲ, ಕೇಳಿದ್ದು ಒಳ್ಳೇದಾಯಿತು. ಇದನ್ನು ಮನಸ್ಸಲ್ಲೇ ಇಟ್ಟುಕೊಂಡು ಮನೆ ಬದಲಿಸುವವರೇ ಜಾಸ್ತಿ. ಆದರೆ ನೀವು ಬರೆದ ಮೂರು ಅಂಕಿಯನ್ನೂ ಒಂದೊಂದಾಗಿ ಬಿಡಿಸಿ ನೋಡೋಣ.

ಹಿಸ್ಪಾನಿಕ್, ಅಂದರೆ ಸ್ಪ್ಯಾನಿಷ್ ಮಾತಾಡುವ ನಾಡುಗಳ ಮೂಲದವರು ಅನ್ನೋದು, ಒಂದು ಫಾರಂನಲ್ಲಿ ಟಿಕ್ ಹಾಕುವ ಚೌಕ. ಐದು ತಲೆಮಾರಿನಿಂದ ಅಲ್ಲೇ ಇದ್ದು ಒಂದು ಪದ ಸ್ಪ್ಯಾನಿಷ್ ಬಾರದ ಹುಡುಗನೂ ಅದರಲ್ಲೇ, ಮೂರು ತಿಂಗಳ ಹಿಂದೆ ಗ್ವಾಟೆಮಾಲಾದಿಂದ ಬಂದವಳೂ ಅದರಲ್ಲೇ. ಈ ಚೌಕಗಳು ಎಷ್ಟು ಗಟ್ಟಿ ಅಂತ ತಿಳಿಯಬೇಕಾ? 1970ರ ಅಮೆರಿಕದ ಜನಗಣತಿಯಲ್ಲಿ ಭಾರತದವರನ್ನು ಬಿಳಿಯರ ಜೊತೆ ಸೇರಿಸಿದ್ದರು. 1980ಕ್ಕೆ ನಮಗೆ ಬೇರೆ ಚೌಕ ಬಂತು. ಆ ಹತ್ತು ವರ್ಷದಲ್ಲಿ ನಮ್ಮ ಮಕ್ಕಳ ತಲೆಯೊಳಗೆ ಏನೂ ಬದಲಾಗಿರಲಿಲ್ಲ.

ಬಡ ಮಕ್ಕಳ ಅಂಕಿ ಎಲ್ಲಿಂದ ಬರುತ್ತೆ ಗೊತ್ತಾ? ಬಹಳ ವರ್ಷ ಅದು ಊಟದ ಫಾರಂನಿಂದ ಬರುತ್ತಿತ್ತು. ಮನೆಯ ಆದಾಯ ಸರ್ಕಾರದ ಬಡತನದ ಗೆರೆಯ ಶೇ. 130ರೊಳಗಿದ್ದರೆ ಶಾಲೆಯಲ್ಲಿ ಊಟ ಪುಕ್ಕಟೆ, ಶೇ. 185ರೊಳಗಿದ್ದರೆ ಕಡಿಮೆ ದರ. ಚಿಕ್ಕ ಮಕ್ಕಳ ಅಪ್ಪ ಅಮ್ಮ ಫಾರಂ ತುಂಬಿ ಕಳಿಸ್ತಾರೆ. ಹೈಸ್ಕೂಲಿನ ಮಕ್ಕಳು ಅದನ್ನು ಚೀಲದ ತಳದಲ್ಲೇ ಇಟ್ಟು ವರ್ಷ ಕಳೆಯುತ್ತಾರೆ, ಗೆಳೆಯರ ಮುಂದೆ ಆ ಫಾರಂ ಕೊಡೋಕೆ ನಾಚಿಕೆ. ನಾನೇ ಎಷ್ಟೋ ಸಲ ಕ್ಲಾಸು ಮುಗಿದ ಮೇಲೆ ಒಬ್ಬೊಬ್ಬರನ್ನೇ ನಿಲ್ಲಿಸಿಕೊಂಡು ಇಸ್ಕೊಂಡಿದ್ದೇನೆ. ಆಮೇಲೆ 2010ರ ಕಾಯ್ದೆ ಬಂತು. ಅದರ ಪ್ರಕಾರ ಸರ್ಕಾರದ ನೆರವು ಪಡೆಯುವ ಮನೆಗಳ ಮಕ್ಕಳು ಶೇ. 40 ಇರುವ ಶಾಲೆ ಎಲ್ಲ ಮಕ್ಕಳಿಗೂ ಫಾರಂ ಇಲ್ಲದೆ ಊಟ ಕೊಡಬಹುದು. 2023ರಲ್ಲಿ ಆ ಮಿತಿಯನ್ನು ಶೇ. 25ಕ್ಕೆ ಇಳಿಸಿದರು. ಇದರಿಂದ ಎಷ್ಟೋ ಕಡೆ ಲೆಕ್ಕ ಹಾಕುವ ಕ್ರಮವೇ ಬದಲಾಯಿತು. ಒಂದು ಶಾಲೆಯ ‘ಬಡ ಮಕ್ಕಳ’ ಶೇಕಡಾ ಒಂದೇ ವರ್ಷದಲ್ಲಿ ದಿಢೀರ್ ಏರಿದ್ದರೆ, ಊರು ಬಡವಾಗದೆಯೂ ಏರಿರಬಹುದು.

ಮೂರನೆಯದು ಇಂಗ್ಲಿಷ್ ಕಲಿಯುವವರು. ಈ ಗುಂಪಿನ ಅಂಕ ಯಾವಾಗಲೂ ಕಡಿಮೆ. ಯಾಕಂದ್ರೆ ಇಂಗ್ಲಿಷ್ ಚೆನ್ನಾಗಿ ಕಲಿತ ಮಗುವನ್ನು ಗುಂಪಿನಿಂದ ಹೊರಗೆ ಕಳಿಸ್ತಾರೆ, ಅದರ ಜಾಗಕ್ಕೆ ಹೊಸಬರು ಬರ್ತಾರೆ. ಆಸ್ಪತ್ರೆಯ ವಾರ್ಡಿನಲ್ಲಿ ವಾಸಿಯಾದವರೆಲ್ಲ ಮನೆಗೆ ಹೋದಮೇಲೆ, ಉಳಿದವರನ್ನು ಎಣಿಸಿ ಇಲ್ಲಿ ಯಾರಿಗೂ ವಾಸಿಯಾಗಲ್ಲ ಅಂದ ಹಾಗೆ ಇದು. ಗುಂಪು ಬಿಟ್ಟು ಹೋದ ಮಕ್ಕಳನ್ನೂ ನಾಲ್ಕು ವರ್ಷದವರೆಗೆ ಸೇರಿಸಿ ಲೆಕ್ಕ ತೋರಿಸೋಕೆ 2015ರ ಕಾಯ್ದೆ ಬಿಟ್ಟಿದೆ. ನಿಮ್ಮ ರಾಜ್ಯ ಹಾಗೆ ತೋರಿಸಿದೆಯಾ ನೋಡಿ.

ಈಗ ನಿಮ್ಮ ಮುಖ್ಯ ಮಾತು, ಆಗ ರಿಸಲ್ಟು ಚೆನ್ನಾಗಿತ್ತು ಅನ್ನೋದು. ಒಂದು ಲೆಕ್ಕ ಹಾಕೋಣ, ಸುಲಭಕ್ಕೆ 100 ಮಕ್ಕಳು ಅಂತ ಇಟ್ಟುಕೊಳ್ಳಿ. ಮೊದಲು 80 ಮಕ್ಕಳ ಮನೆಮಾತು ಇಂಗ್ಲಿಷ್, 20 ಮಕ್ಕಳು ಹೊಸದಾಗಿ ಕಲಿಯುವವರು. ಮೊದಲ ಗುಂಪಿನಲ್ಲಿ ಶೇ. 70 ಪಾಸು, ಅಂದರೆ 56. ಎರಡನೆಯದರಲ್ಲಿ ಶೇ. 30, ಅಂದರೆ 6. ಒಟ್ಟು 62. ಹತ್ತು ವರ್ಷ ಆದಮೇಲೆ ಮೊದಲ ಗುಂಪು 60, ಎರಡನೆಯದು 40. ಶಾಲೆ ಚೆನ್ನಾಗಿ ಕೆಲಸ ಮಾಡಿದೆ, ಮೊದಲ ಗುಂಪು ಶೇ. 75ಕ್ಕೆ ಏರಿದೆ, ಅಂದರೆ 45. ಎರಡನೆಯದು ಶೇ. 40ಕ್ಕೆ ಏರಿದೆ, ಅಂದರೆ 16. ಒಟ್ಟು 61. ಎರಡೂ ಗುಂಪಿನ ಮಕ್ಕಳು ಮೊದಲಿಗಿಂತ ಚೆನ್ನಾಗಿ ಓದಿದ್ದಾರೆ, ಆದರೂ ಶಾಲೆಯ ಅಂಕಿ ಕೆಳಗಿಳಿದಿದೆ! ಪೇಪರಿನಲ್ಲಿ ‘ಇಳಿಕೆ’ ಅಂತ ಬರುತ್ತೆ, ಊರಿನವರು ಹೊಸಬರ ಕಡೆ ಬೆರಳು ತೋರಿಸ್ತಾರೆ, ಕಷ್ಟಪಟ್ಟ ಶಿಕ್ಷಕರು ಸಭೆಯಲ್ಲಿ ತಲೆ ತಗ್ಗಿಸಿ ಕೂರ್ತಾರೆ. ನಾನು ಹಾಗೆ ಕೂತಿದ್ದೇನೆ. ಅದಕ್ಕೇ ಈ ಲೆಕ್ಕವನ್ನು ಕಂಡಕಂಡವರಿಗೆಲ್ಲ ಹೇಳ್ತೀನಿ.

ಹಾಗಂತ ಎಲ್ಲ ಶಾಲೆಯೂ ಚೆನ್ನಾಗಿದೆ ಅಂತ ನಾನು ಹೇಳ್ತಿಲ್ಲ. ಇದೇ ಲೆಕ್ಕ ಉಲ್ಟಾನೂ ಆಗುತ್ತೆ. ಒಟ್ಟು ಅಂಕಿ ಚೆನ್ನಾಗಿರುವ ಶಾಲೆಯಲ್ಲಿ ಒಂದು ಗುಂಪಿನ ಮಕ್ಕಳು ಸದ್ದಿಲ್ಲದೆ ಹಿಂದೆ ಬಿದ್ದಿರಬಹುದು. ಇದನ್ನು ಮುಚ್ಚಿಡಬಾರದು ಅಂತಲೇ, 2002ರಲ್ಲಿ ಸಹಿಯಾದ ಹಿಂದಿನ ಕಾಯ್ದೆ ಬಂದಾಗಿನಿಂದ ಒಂದೊಂದು ಗುಂಪಿನ ಅಂಕವನ್ನೂ ಬೇರೆ ಬೇರೆಯಾಗಿ ತೋರಿಸಬೇಕು ಅಂತ ಮಾಡಿದರು. ಆ ಕಾಯ್ದೆ ಮೇಲೆ ನನಗೆ ನೂರು ತಕರಾರಿದೆ, ಇದೊಂದಕ್ಕೆ ಮಾತ್ರ ಕೈ ಮುಗಿಯುತ್ತೇನೆ. ಅದಕ್ಕೆ ಮುಂಚೆ ಒಳ್ಳೇ ಸರಾಸರಿ ಹಿಂದೆ ಎಷ್ಟು ಮಕ್ಕಳು ಅಡಗಿಹೋಗಿದ್ದರೋ.

ಓದುವ ಮಕ್ಕಳ ಸಹವಾಸ ಅಂದಿರಿ. ನನ್ನ ಕ್ಲಾಸಿನಲ್ಲಿ ಸಂಜೆ ಐದರವರೆಗೂ ಕೂತು ಲೆಕ್ಕ ಬಿಡಿಸುತ್ತಿದ್ದವರಲ್ಲಿ ಮಾಂಸದ ಕಾರ್ಖಾನೆಯಲ್ಲಿ ದುಡಿಯುವವರ ಮಕ್ಕಳೇ ಜಾಸ್ತಿ ಇದ್ದರು. ಮನೆಯಲ್ಲಿ ಕೂರೋಕೆ ಜಾಗ ಇಲ್ಲ, ತಮ್ಮ ತಂಗಿಯರ ಗಲಾಟೆ. ನಿಮ್ಮ ಮಗ ಅವರ ಪಕ್ಕ ಕೂತರೆ ಅವನ ಓದಿಗೆ ಯಾವ ಕೊರತೆಯೂ ಆಗಲ್ಲ. ಅಲ್ಲಿ ಮುಂದಿನ ಹಂತದ ಲೆಕ್ಕ, ಕೆಮಿಸ್ಟ್ರಿ, ಫಿಸಿಕ್ಸ್ ಪ್ರತಿ ವರ್ಷ ನಡೆಯುತ್ತಾ, ಆ ಕ್ಲಾಸುಗಳಲ್ಲಿ ಎಲ್ಲ ಬಗೆಯ ಮಕ್ಕಳೂ ಕೂತಿದ್ದಾರಾ, ಅದನ್ನು ಕೇಳಿ. ಶಾಲೆಯಲ್ಲಿ ಶೇ. 46 ಹಿಸ್ಪಾನಿಕ್ ಮಕ್ಕಳಿದ್ದು ಕ್ಯಾಲ್ಕುಲಸ್ ಕ್ಲಾಸಿನಲ್ಲಿ ಒಬ್ಬರೂ ಇಲ್ಲ ಅಂದರೆ, ಆಗ ನಾನೂ ನಿಮ್ಮ ಜೊತೆ ಚಿಂತೆ ಮಾಡುತ್ತೇನೆ.

ಪ್ರಶ್ನೆ: ನಮ್ಮೂರ ಶಾಲೆಯ ಗ್ರಾಜುಯೇಶನ್ ರೇಟ್ ಶೇ. 81 ಅಂತೆ. ಹಾಗಾದರೆ ಉಳಿದ ಮಕ್ಕಳೆಲ್ಲ ಓದು ಬಿಟ್ಟವರಾ? ಕೇಳಿದರೆ ಭಯ ಆಗುತ್ತೆ. — ಇನ್ನೊಬ್ಬ ತಾಯಿ

ಉತ್ತರ: ಭಯ ಬೇಡ. ಇದನ್ನು ಲೆಕ್ಕ ಹಾಕುವ ಕ್ರಮ ಹೇಳ್ತೀನಿ. ಒಂಬತ್ತನೇ ಕ್ಲಾಸಿಗೆ ಒಟ್ಟಿಗೆ ಸೇರಿದ ಮಕ್ಕಳ ಒಂದು ಪಟ್ಟಿ ಮಾಡ್ತಾರೆ. ಆಮೇಲೆ ಬಂದು ಸೇರಿದವರನ್ನು ಪಟ್ಟಿಗೆ ಹಾಕ್ತಾರೆ. ಬೇರೆ ಶಾಲೆಗೆ ಹೋದವರನ್ನು ತೆಗೀತಾರೆ, ಆದರೆ ಆ ಶಾಲೆಗೆ ಸೇರಿದ ಕಾಗದ ಕೈಗೆ ಬಂದರೆ ಮಾತ್ರ. ಹೀಗೆ ಉಳಿದ ಪಟ್ಟಿಯಲ್ಲಿ ಸರಿಯಾಗಿ ನಾಲ್ಕು ವರ್ಷದಲ್ಲಿ ಡಿಪ್ಲೊಮಾ, ಅಂದರೆ ಹೈಸ್ಕೂಲು ಮುಗಿಸಿದ ಸರ್ಟಿಫಿಕೇಟು, ಪಡೆದವರೆಷ್ಟು ಅನ್ನೋದೇ ಆ ಶೇಕಡಾ. 2010–11ರಿಂದ ರಾಜ್ಯಗಳು ಇದೇ ರೀತಿ ಲೆಕ್ಕ ಕೊಡುತ್ತಿವೆ. ಆ ಮೊದಲ ವರ್ಷ ದೇಶದ ಅಂಕಿ ಶೇ. 79 ಇತ್ತು, 2021–22ಕ್ಕೆ ಶೇ. 87 ಆಯಿತು.

ನಿಮ್ಮ ಶಾಲೆಯ ಪಟ್ಟಿಯಲ್ಲಿ 58 ಮಕ್ಕಳು ಅಂತ ಬರೆದಿದ್ದೀರಿ. 47 ಮುಗಿಸಿದ್ದಾರೆ, 11 ಉಳಿದಿದ್ದಾರೆ. ಆ ಹನ್ನೊಂದರಲ್ಲಿ ಯಾರು ಯಾರು ಇರಬಹುದು? ನಿಜವಾಗಿ ಓದು ಬಿಟ್ಟವರು ಇರಬಹುದು. ಹೈಸ್ಕೂಲು ಮುಗಿಸದವರು ಅದರ ಬದಲಿಗೆ ಬರೆಯುವ ಜಿಇಡಿ ಪರೀಕ್ಷೆ ಕಟ್ಟಿ ಪಾಸಾದವರೂ ಇರಬಹುದು, ಅದನ್ನು ಇಲ್ಲಿ ಡಿಪ್ಲೊಮಾ ಅಂತ ಎಣಿಸಲ್ಲ. ವಿಶೇಷ ಅಗತ್ಯದ ಮಗು 21ರವರೆಗೆ ಶಾಲೆಯಲ್ಲೇ ಕಲಿಯುತ್ತಿದ್ದರೆ ಅದೂ ಈ ಸಾಲಿನಲ್ಲೇ. ರಾತ್ರೋರಾತ್ರಿ ಮನೆ ಖಾಲಿ ಮಾಡಿ ಬೇರೆ ರಾಜ್ಯಕ್ಕೆ ಹೋದ ಕುಟುಂಬದ ಮಗು ಅಲ್ಲಿ ಚೆನ್ನಾಗಿ ಓದುತ್ತಿದ್ದರೂ ಕಾಗದ ಬಂದಿಲ್ಲ ಅಂದರೆ ಇಲ್ಲಿ ಲೆಕ್ಕಕ್ಕೆ ಸಿಗುತ್ತೆ. ನಮ್ಮ ಶಾಲೆಯ ಆಫೀಸಿನಲ್ಲಿದ್ದ ಅಮ್ಮ ಒಬ್ಬರು ಪ್ರತಿ ಬೇಸಿಗೆ ಇದೇ ಕೆಲಸ ಮಾಡುತ್ತಿದ್ದರು. ಊರೂರಿನ ಶಾಲೆಗೆ ಫೋನು ಮಾಡಿ, ‘ನಮ್ಮ ಹುಡುಗಿ ನಿಮ್ಮಲ್ಲಿ ಸೇರಿದ್ದಾಳಾ’ ಅಂತ ಕೇಳೋದು. ಅವರು ಅದನ್ನು ಮಾಡಿರದಿದ್ದರೆ ನಮ್ಮ ಅಂಕಿ ಎಷ್ಟೋ ಕೆಳಗಿರುತ್ತಿತ್ತು.

ಐದನೇ ವರ್ಷದಲ್ಲಿ ಮುಗಿಸಿದವರೂ ಈ ನಾಲ್ಕು ವರ್ಷದ ಲೆಕ್ಕಕ್ಕೆ ಬರಲ್ಲ. ಒಬ್ಬ ಹುಡುಗ ಇದ್ದ. ಮನೆಯವರ ಜೊತೆ ಡೈರಿ ಫಾರಂನಲ್ಲಿ ಬೆಳಗಿನ ಜಾವ ನಾಲ್ಕಕ್ಕೆ ಹಾಲು ಕರೆಯುವ ಕೆಲಸ ಮುಗಿಸಿ ಬರುತ್ತಿದ್ದ. ನನ್ನ ಕ್ಲಾಸು ದಿನದ ಮೊದಲನೆಯದು. ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತು ಹತ್ತು ನಿಮಿಷದಲ್ಲಿ ನಿದ್ದೆ. ಮೊದಲ ತಿಂಗಳು ಬೈದೆ. ಆಮೇಲೆ ಒಂದು ದಿನ ಅವನ ಕೈ ನೋಡಿದೆ, ಬೆರಳಿನ ಸಂದೆಲ್ಲ ಬಿರುಕು ಬಿಟ್ಟು ಕೆಂಪಾಗಿತ್ತು. ಟೈಂಟೇಬಲ್ ಬದಲಿಸಿ ಅವನ ಲೆಕ್ಕದ ಕ್ಲಾಸನ್ನು ಮಧ್ಯಾಹ್ನಕ್ಕೆ ಹಾಕಿಸಿದೆವು. ಒಂಬತ್ತನೇ ಕ್ಲಾಸಿನಲ್ಲಿ ಕಳೆದುಹೋದ ವಿಷಯಗಳನ್ನು ತುಂಬಿಕೊಳ್ಳೋಕೆ ಅವನಿಗೆ ಒಂದು ವರ್ಷ ಜಾಸ್ತಿ ಬೇಕಾಯಿತು. ಐದನೇ ವರ್ಷ ಡಿಪ್ಲೊಮಾ ತಗೊಂಡ, ವೇದಿಕೆ ಮೇಲೆ ಅವನ ಅಮ್ಮ ಅವನಿಗಿಂತ ಜಾಸ್ತಿ ಅಳುತ್ತಿದ್ದರು. ಆ ವರ್ಷದ ಪಟ್ಟಿಯಲ್ಲಿ ಅವನು ಮುಗಿಸದವರ ಸಾಲಿನಲ್ಲೇ ಇದ್ದಾನೆ.

ಆದ್ದರಿಂದ ನಿಮ್ಮ ರಾಜ್ಯ ಐದು ವರ್ಷದ ರೇಟ್ ಕೊಡುತ್ತಾ ಅಂತ ನೋಡಿ, ಬಹಳಷ್ಟು ರಾಜ್ಯಗಳು ಕೊಡುತ್ತವೆ. ನಾಲ್ಕಕ್ಕೂ ಐದಕ್ಕೂ ನಡುವೆ ಒಳ್ಳೇ ಏರಿಕೆ ಕಂಡರೆ, ಆ ಶಾಲೆ ಹಿಂದೆ ಬಿದ್ದ ಮಕ್ಕಳ ಕೈ ಬಿಟ್ಟಿಲ್ಲ.

ಪ್ರಶ್ನೆ: ಆಂಟಿ, ನನಗೆ ಕನ್ನಡ ಮಾತಾಡೋಕೆ ಬರುತ್ತೆ, ಬರೆಯೋಕೆ ಬರಲ್ಲ, ಅಮ್ಮನ ಕೈಲಿ ಬರೆಸ್ತಿದ್ದೀನಿ. ಟೆಕ್ಸಾಸಿನಲ್ಲಿ 10ನೇ ಕ್ಲಾಸ್. ನಮ್ಮ ಕ್ಲಾಸಿಗೆ 60 ಜನ, ಇಂಡಿಯನ್ ನಾನೊಬ್ಬಳೇ. ಶಾಲೆಯ ರಿಪೋರ್ಟಲ್ಲಿ ಏಷ್ಯನ್ ಅನ್ನೋ ಸಾಲಿನಲ್ಲಿ ಬರೀ ನಕ್ಷತ್ರದ ಗುರುತು. ನಾವು ಲೆಕ್ಕಕ್ಕೇ ಇಲ್ವಾ? ಇನ್ನೊಂದು, ಇಲ್ಲಿ ಎಪಿ ಕೋರ್ಸ್ (ಹೈಸ್ಕೂಲಿನಲ್ಲೇ ಕಾಲೇಜು ಮಟ್ಟದ ಪಾಠ) ನಾಲ್ಕೇ ಇರೋದು. ದೊಡ್ಡ ಶಾಲೆಯ ಕಸಿನ್‌ಗೆ 20 ಇದೆ. ನನಗೆ ಒಳ್ಳೇ ಕಾಲೇಜು ಸಿಗುತ್ತಾ?

ಉತ್ತರ: ಪುಟ್ಟಿ, ಆ ನಕ್ಷತ್ರ ನಿನ್ನನ್ನು ಕಾಯೋಕೆ ಇರೋದು. ಶಾಲೆಯಲ್ಲಿ ಏಷ್ಯನ್ ಮಕ್ಕಳು ಮೂರೇ ಜನ ಇದ್ದು, ‘ಏಷ್ಯನ್ ಶೇ. 33 ಫೇಲ್’ ಅಂತ ಪ್ರಿಂಟ್ ಆದರೆ ಊರಿಗೆಲ್ಲ ಯಾರು ಅಂತ ಗೊತ್ತಾಗಿಬಿಡುತ್ತೆ ಅಲ್ವಾ? ಮಕ್ಕಳ ದಾಖಲೆಯನ್ನು ಗುಟ್ಟಾಗಿ ಇಡಬೇಕು ಅಂತ 1974ರಲ್ಲೇ ಕಾಯ್ದೆ ಆಗಿದೆ. ಅದಕ್ಕೆ ಒಂದು ಗುಂಪಿನಲ್ಲಿ ಮಕ್ಕಳು ತೀರಾ ಕಡಿಮೆ ಇದ್ದರೆ ಆ ಅಂಕವನ್ನು ಮುಚ್ಚುತ್ತಾರೆ. ಎಷ್ಟಕ್ಕಿಂತ ಕಡಿಮೆ ಅನ್ನೋದನ್ನು ರಾಜ್ಯವೇ ಗೊತ್ತುಮಾಡುತ್ತೆ. ಶಾಲೆಯ ಒಟ್ಟು ಅಂಕದಲ್ಲಿ ನಿನ್ನ ಅಂಕ ಸೇರಿದೆ. ಆದರೂ ನಿನ್ನ ಬೇಜಾರು ನನಗೆ ಅರ್ಥ ಆಗುತ್ತೆ. ಸ್ಟಾಫ್ ರೂಮಿನಲ್ಲಿ ಎಲ್ಲರ ಹಬ್ಬಗಳೇ ಬೇರೆ, ನನ್ನ ಸಂಕ್ರಾಂತಿ ಯುಗಾದಿಯೇ ಬೇರೆ ಅನ್ನೋ ಹಾಗೆ ನಾನೂ ಒಬ್ಬಳೇ ಇದ್ದೆ, ಬಹಳ ವರ್ಷ. ನಿನ್ನ ಹೆಸರನ್ನು ಸರಿಯಾಗಿ ಕರೆಯೋಕೆ ಶಿಕ್ಷಕರಿಗೆ ಮೊದಲ ವಾರವೇ ಕಲಿಸು. ಸಂಕೋಚ ಪಡಬೇಡ.

ಎಪಿ ಬಗ್ಗೆ. ನೀನು ಅರ್ಜಿ ಹಾಕಿದಾಗ ನಿನ್ನ ಟ್ರಾನ್ಸ್‌ಕ್ರಿಪ್ಟ್ (ಅಂಕಪಟ್ಟಿ) ಜೊತೆ ಕೌನ್ಸೆಲರ್ ಒಂದು ‘ಸ್ಕೂಲ್ ಪ್ರೊಫೈಲ್’ ಕಳಿಸ್ತಾರೆ. ಶಾಲೆಯಲ್ಲಿ ಎಷ್ಟು ಮಕ್ಕಳು, ಯಾವ ಯಾವ ಕೋರ್ಸು ಇದೆ ಅಂತ ಅದರಲ್ಲಿ ಇರುತ್ತೆ. ನಾಲ್ಕೇ ಇರುವ ಕಡೆ ನಾಲ್ಕನ್ನೂ ಚೆನ್ನಾಗಿ ಮಾಡಿದವಳನ್ನು ಕಾಲೇಜಿನವರು ಇದ್ದದ್ದನ್ನೆಲ್ಲ ಓದಿದವಳು ಅಂತಲೇ ನೋಡ್ತಾರೆ. ಆ ಪ್ರೊಫೈಲ್ ಹಳೇದಾಗಿದೆಯಾ, ಈ ವರ್ಷದ್ದಾ ಅಂತ ಕೌನ್ಸೆಲರನ್ನು ಈಗಲೇ ಕೇಳು. ಸಣ್ಣ ಶಾಲೆಯಲ್ಲಿ ಒಬ್ಬರೇ ನಾಲ್ಕು ಕೆಲಸ ಮಾಡ್ತಿರ್ತಾರೆ, ಇದು ಮರೆತುಹೋಗಿರುತ್ತೆ. ಹತ್ತಿರದ ಕಮ್ಯೂನಿಟಿ ಕಾಲೇಜಿನಲ್ಲಿ, ಹೈಸ್ಕೂಲಿಗೂ ಕಾಲೇಜಿಗೂ ಎರಡಕ್ಕೂ ಲೆಕ್ಕಕ್ಕೆ ಬರುವ ಡ್ಯೂಯಲ್ ಕ್ರೆಡಿಟ್ ಕ್ಲಾಸು ತಗೊಳ್ಳಬಹುದು. ನಿಮ್ಮ ಶಾಲೆಯಲ್ಲಿ ಇಲ್ಲದ ಎಪಿ ಪರೀಕ್ಷೆಯನ್ನು ಮನೆಯಲ್ಲೇ ಓದಿಕೊಂಡು, ಬೇರೆ ಶಾಲೆ ಒಪ್ಪಿದರೆ ಅಲ್ಲಿ ಹೋಗಿ ಬರೆಯಬಹುದು. ಕಾಲೇಜು ಪ್ರವೇಶಕ್ಕೆ ಬರೆಯುವ ಎಸ್ಎಟಿ ಪರೀಕ್ಷೆಯ ಸರಾಸರಿ ನೋಡಿಯೂ ಹೆದರಬೇಡ. ಮಿಷಿಗನ್, ಕನೆಕ್ಟಿಕಟ್‌ನಂಥ ಕಡೆ 11ನೇ ಕ್ಲಾಸಿನ ಎಲ್ಲ ಮಕ್ಕಳೂ ಅದನ್ನು ಬರೀತಾರೆ, ಇನ್ನು ಕೆಲವು ಕಡೆ ಇಷ್ಟ ಇದ್ದವರು ಮಾತ್ರ. ಎಲ್ಲರೂ ಬರೆದ ಕಡೆ ಸರಾಸರಿ ಕಡಿಮೆ ಬರೋದು ಸಹಜ.

ಟೆಕ್ಸಾಸಿನಲ್ಲಿ ಓದುವವಳು ನೀನು, ಅದಕ್ಕೆ ಇದನ್ನು ಸರಿಯಾಗಿ ಕೇಳಿಸಿಕೋ. 1997ರಲ್ಲಿ ಅಲ್ಲಿ ಒಂದು ಕಾಯ್ದೆ ಮಾಡಿದರು. ರಾಜ್ಯದ ಯಾವುದೇ ಪಬ್ಲಿಕ್ ಹೈಸ್ಕೂಲಿನಲ್ಲಿ ತನ್ನ ಕ್ಲಾಸಿನ ಮೊದಲ ಶೇ. 10ರಲ್ಲಿರುವ ಮಗುವಿಗೆ ರಾಜ್ಯದ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಪ್ರವೇಶ ಖಾತ್ರಿ. ಆಸ್ಟಿನ್‌ನ ಟೆಕ್ಸಾಸ್ ಯೂನಿವರ್ಸಿಟಿಗೆ ಮಾತ್ರ ಮಿತಿ ಇನ್ನೂ ಬಿಗಿ, 2026ರಲ್ಲಿ ಸೇರುವವರಿಗೆ ಮೊದಲ ಶೇ. 5 ಅಂತ ಮಾಡಿದ್ದಾರೆ. ಶಾಲೆಯ ರೇಟಿಂಗ್ ಇಲ್ಲಿ ಲೆಕ್ಕಕ್ಕೆ ಬರಲ್ಲ. ನಿನ್ನ 60 ಜನರ ಕ್ಲಾಸಿನಲ್ಲಿ ಶೇ. 10 ಅಂದರೆ ಆರು ಜನ, ಶೇ. 5 ಅಂದರೆ ಮೂರು. ನೆನಪಿರಲಿ, ಖಾತ್ರಿ ಯೂನಿವರ್ಸಿಟಿಗೆ, ಬೇಕಾದ ವಿಷಯಕ್ಕೆ ಅಲ್ಲ. ಕಂಪ್ಯೂಟರ್ ಸೈನ್ಸ್ ಬೇಕು ಅಂದರೆ ಅದರ ಸ್ಪರ್ಧೆ ಬೇರೆ.

ಸಣ್ಣ ಕ್ಲಾಸಿನಲ್ಲಿ ಒಂದು ಬಿ ಗ್ರೇಡ್ ಬಂದರೂ ರ‍್ಯಾಂಕ್ ಎರಡು ಮೆಟ್ಟಿಲು ಇಳಿಯಬಹುದು. ನಿನ್ನ ಮುಂದಿರುವ ಇಬ್ಬರು ನಿನ್ನ ಗೆಳತಿಯರೇ ಆಗಿರ್ತಾರೆ, ಅದು ಸ್ವಲ್ಪ ಕಷ್ಟದ ವಿಷಯವೇ. ಅವರ ಜೊತೆ ಕೂತೇ ಓದು. ಡ್ಯೂಯಲ್ ಕ್ರೆಡಿಟ್ ಅಂಕವನ್ನು ರ‍್ಯಾಂಕಿಗೆ ಹೇಗೆ ಸೇರಿಸ್ತಾರೆ ಅಂತ ನಿಮ್ಮ ಶಾಲೆಯ ನಿಯಮದ ಪುಸ್ತಕದಲ್ಲಿ ಬರೆದಿರುತ್ತೆ, ಕೋರ್ಸ್ ಆರಿಸುವ ಮುಂಚೆ ಅಮ್ಮನ ಜೊತೆ ಕೂತು ಆ ಪುಟ ಓದಿಕೋ. ಮುಂದಿನ ಪತ್ರ ನೀನೇ ಬರಿ, ತಪ್ಪಿದ್ದರೂ ಪರವಾಗಿಲ್ಲ.